ಬೆಳಗಿನ ಏಳರ ಬ್ಯಾಚು

ಗಡಿಯಾಚೆಯ ಹೊಸೂರಿಗೆ ಅಂಟಿಕೊಂಡ ಮೂಕಂಡಪಲ್ಲಿಯ ಆ ಸಾಲಿನಲ್ಲಿ ಆರು ಮನೆಗಳಿದ್ದವು. ಕೊನೆಯ ಎರಡರಲ್ಲಿ ಕನ್ನಡದವರು. ಒಂದು ಹನುಮಯ್ಯನದು. ಕುಣಿಗಲ್ ಕಡೆಯಿಂದ ಬಂದವನು, ಹದಿನೈದು ವರ್ಷಗಳಿಂದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಪ್ರೆಸ್ ಆಪರೇಟರ್ ಆಗಿದ್ದ. ಹೆಂಡತಿ ವರಲಕ್ಷ್ಮಿ, ಒಬ್ಬಳೇ ಮಗಳು ಮೇಘಶ್ರೀ. ಪಕ್ಕದ ಮನೆ ಚೆನ್ನಮ್ಮನದು. ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿಕೊಂಡು ಮಗ ಭೈರೇಶನನ್ನು ಐಟಿಐ ಓದಿಸಿದವಳು. ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ಸಾರು, ಪಲ್ಯ ದಿನವೂ ಅತ್ತಿಂದಿತ್ತ ಓಡಾಡುತ್ತಿದ್ದವು. ಮೇಘಶ್ರೀ ಮೊದಲ ಸಲ ಸೀರೆ ಉಟ್ಟ ದಿನ ನೆರಿಗೆ ಹಿಡಿದು ಕೊಟ್ಟವಳು ಹೆತ್ತ ತಾಯಿಯಲ್ಲ, ಚೆನ್ನಮ್ಮ.

ಹೀಗಿದ್ದ ಮೇಲೆ ಮೇಘಶ್ರೀಗೂ ಭೈರೇಶನಿಗೂ ಪ್ರೀತಿ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿರಲಿಲ್ಲ. ಅವಳಿಗೆ ಆಗ ಹದಿನೆಂಟು, ಹೊಸೂರಿನ ಕಾಲೇಜಿನಲ್ಲಿ ಬಿ.ಕಾಂ ಮೊದಲನೇ ವರ್ಷ. ಅವನಿಗೆ ಇಪ್ಪತ್ತಮೂರು, ಕಾರ್ಖಾನೆಯಲ್ಲಿ ಟ್ರೇನಿ. ಭಾನುವಾರ ಚಂದ್ರಚೂಡೇಶ್ವರನ ಬೆಟ್ಟಕ್ಕೆ ಬೇರೆ ಬೇರೆಯಾಗಿ ಹೋಗಿ ಮೇಲೆ ಸೇರುತ್ತಿದ್ದರು. ಅಲ್ಲಿಂದ ಇಡೀ ಊರು, ಕಾರ್ಖಾನೆಗಳ ಶೀಟಿನ ಮಾಡುಗಳು, ಬೆಂಗಳೂರಿನ ಕಡೆ ಹೋಗುವ ಲಾರಿಗಳ ಸಾಲು ಕಾಣುತ್ತಿತ್ತು. ಪರ್ಮನೆಂಟ್ ಆಗಲಿ, ಆಮೇಲೆ ಅವ್ವನ ಹತ್ತಿರ ಮಾತಾಡುತ್ತೇನೆ ಎಂದು ಭೈರೇಶ ಹೇಳುತ್ತಿದ್ದ. ಅವನ ಮಾತಿನಲ್ಲಿ ಅವಳಿಗೆ ಎಂದೂ ಅನುಮಾನ ಬಂದಿರಲಿಲ್ಲ. ಎರಡು ವರ್ಷ ಹೀಗೇ ಕಳೆಯಿತು.

2005ರ ದಸರಾ ಕಳೆದ ಮೇಲೆ ಅವನು ಪರ್ಮನೆಂಟ್ ಆದ. ಚೆನ್ನಮ್ಮ ಸಾಲಿಗೆಲ್ಲ ಒಬ್ಬಟ್ಟು ಹಂಚಿದಳು. ಮುಂದಿನ ಭಾನುವಾರ ಮೇಘಶ್ರೀ ಹೊಸ ಚೂಡಿದಾರ ಹಾಕಿಕೊಂಡು ಬೆಟ್ಟ ಹತ್ತಿದಳು. ಭೈರೇಶ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದ. ಅವಳು ಹತ್ತಿರ ಬಂದರೂ ತಲೆ ಎತ್ತಲಿಲ್ಲ.

"ಅವ್ವ ಒಪ್ತಾ ಇಲ್ಲ ಮೇಘಾ," ಎಂದ. "ಮಾವನ ಮಗಳನ್ನೇ ತಂದ್ಕೋಬೇಕು ಅಂತ ಹಟ ಹಿಡ್ದವ್ಳೆ. ಇಲ್ದಿದ್ರೆ ಬಾವಿಗೆ ಬೀಳ್ತೀನಿ ಅಂತಾಳೆ. ನಾನೇನ್ ಮಾಡ್ಲಿ ಹೇಳು."

ಅವನು ಅತ್ತ. ಅವಳೇ ಅವನನ್ನು ಸಮಾಧಾನ ಮಾಡಿ ಕೆಳಗೆ ಕಳಿಸಿದಳು.

ಇಪ್ಪತ್ತು ದಿನಗಳಲ್ಲಿ ತುಮಕೂರಿನಲ್ಲಿ ನಿಶ್ಚಿತಾರ್ಥ ಆಯಿತು. ಹುಡುಗಿಯ ಹೆಸರು ನಂದಿತಾ, ನರ್ಸಿಂಗ್ ಓದುತ್ತಿದ್ದಾಳೆ ಎಂದು ಚೆನ್ನಮ್ಮನೇ ಬಂದು ಹೇಳಿದಳು. ಕೈಯಲ್ಲಿ ಚಿರೋಟಿಯ ತಟ್ಟೆ. "ತಗೋ ಮಗಾ, ನಿಂಗೆ ಇಷ್ಟ ಅಂತ ಎತ್ತಿಟ್ಕಂಡು ಬಂದೆ," ಎಂದು ಮೇಘಶ್ರೀಯ ಕೈಗೇ ಕೊಟ್ಟಳು. ಎಲ್ಲ ಗೊತ್ತಿದ್ದೂ ಹೀಗೆ ನಗುತ್ತಾಳಲ್ಲ ಎಂದು ಮೇಘಶ್ರೀಗೆ ಮೈ ಉರಿಯಿತು. ತಟ್ಟೆಯನ್ನು ಒಲೆಯ ಕಟ್ಟೆಯ ಮೇಲಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಅಂದಿನಿಂದ ಅವಳು ಪಕ್ಕದ ಮನೆಯ ಹೊಸ್ತಿಲು ತುಳಿಯಲಿಲ್ಲ. ಚೆನ್ನಮ್ಮ ಕರೆದರೆ ತಲೆನೋವು ಎನ್ನುವಳು. ನವೆಂಬರಿನ ಪರೀಕ್ಷೆಗೆ ಹಾಲ್ ಟಿಕೆಟ್ ಬಂದಿತ್ತು, ಅವಳು ಹೋಗಲಿಲ್ಲ. ಜ್ವರ ಎಂದಳು. ನಿಜವಾಗಿಯೂ ಜ್ವರ ಬಂತು. ಜ್ವರ ಬಿಟ್ಟ ಮೇಲೂ ಏಳಲಿಲ್ಲ. ಕಾಲೇಜಿಗೆ ಮತ್ತೆ ಹೋಗುವುದಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿಯೇ ಹೇಳಿದಳು. ಆ ಗೋಡೆಯ ಆಚೆಯೇ ಭೈರೇಶ ಕೆಮ್ಮುವುದು, ರೇಡಿಯೋ ಹಾಕುವುದು, ಅವನ ತಾಯಿ ಪಾತ್ರೆ ಜೋಡಿಸುವುದು ಎಲ್ಲ ಕೇಳಿಸುತ್ತಿತ್ತು.

ಹನುಮಯ್ಯನಿಗೆ ಏನೂ ತಿಳಿಯಲಿಲ್ಲ, ದೃಷ್ಟಿ ತೆಗೆಸಿದ. ವರಲಕ್ಷ್ಮಿಗೆ ಅರ್ಧ ತಿಳಿಯಿತು. ಆದರೂ ಮಗಳನ್ನು ಕೆದಕಿ ಕೇಳಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವಳ ತಲೆಗೆ ಎಣ್ಣೆ ಹಚ್ಚಿ, ನೀರು ಹಾಕಿ, ಜಡೆ ಹೆಣೆದು, ಸೀದಾ ಬಸ್ಸು ಹತ್ತಿಸಿ ಹೊಸೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗೆ ಕರೆದುಕೊಂಡು ಹೋದಳು. ಅಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. "ಓದೋದು ಬ್ಯಾಡ ಅಂದ್ರೆ ಬ್ಯಾಡ. ಕೈ ಸುಮ್ನಿರ್ಬಾರ್ದು ಕಣೇ," ಎಂದಷ್ಟೇ ಹೇಳಿದಳು.

ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಚಿನ್ನಸ್ವಾಮಿ ಮಾಸ್ಟರು ಅರವತ್ತು ದಾಟಿದವರು. ಕನ್ನಡದಲ್ಲಿ ಬೈದು, ತೆಲುಗಿನಲ್ಲಿ ಸಮಾಧಾನ ಹೇಳಿ, ತಮಿಳಿನಲ್ಲಿ ಪಾಠ ಮಾಡುತ್ತಿದ್ದರು. ಊರೆಲ್ಲ ಕಂಪ್ಯೂಟರ್ ಸೆಂಟರುಗಳು ಬಂದಿದ್ದರೂ ಸರ್ಕಾರಿ ಕೆಲಸಕ್ಕೆ ಟೈಪಿಂಗ್ ಸರ್ಟಿಫಿಕೇಟು ಬೇಕು ಎಂಬುದರಿಂದ ಅವರ ಹನ್ನೆರಡು ಹಳೆಯ ಯಂತ್ರಗಳು ಬೆಳಗಿನಿಂದ ಸಂಜೆವರೆಗೆ ಬಿಡುವಿಲ್ಲದೆ ಬಡಿಯುತ್ತಿದ್ದವು. ಮೇಘಶ್ರೀಗೆ ಇಂಗ್ಲಿಷ್ ಲೋಯರ್, ಅಂದರೆ ಮೊದಲ ಹಂತ, ಬೆಳಿಗ್ಗೆ ಏಳರಿಂದ ಎಂಟರ ಬ್ಯಾಚು. ಮೊದಲ ಹದಿನೈದು ದಿನ ಒಂದೇ ಸಾಲು. ಎಡಗೈ ನಾಲ್ಕು ಬೆರಳು, ಬಲಗೈ ನಾಲ್ಕು ಬೆರಳು, ಮತ್ತೆ ಎಡ, ಮತ್ತೆ ಬಲ. ಕೀಲಿಯ ಕಡೆ ನೋಡಬಾರದು. ನೋಡಿದರೆ ಮಾಸ್ಟರು ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದರು. ಆ ಒಂದು ಗಂಟೆ ಹನ್ನೆರಡು ಯಂತ್ರಗಳ ಸದ್ದಿನಲ್ಲಿ ಬೇರೆ ಏನನ್ನೂ ಯೋಚಿಸಲು ಆಗುತ್ತಿರಲಿಲ್ಲ. ಅದಕ್ಕೇ ಅವಳು ತಪ್ಪಿಸದೆ ಬರತೊಡಗಿದಳು.

ಅವಳ ಪಕ್ಕದ ಯಂತ್ರ ಮುನಿಕೃಷ್ಣನದು. ರಾಯಕೋಟೆ ರಸ್ತೆಯ ಹಳ್ಳಿಯೊಂದರವನು, ಇಪ್ಪತ್ತೆರಡು ವರ್ಷ. ಮನೆಯಲ್ಲಿ ಗುಲಾಬಿ ಬೆಳೆಯುತ್ತಿದ್ದರು. ಬೆಳಗಿನ ಜಾವ ಹೂವಿನ ಕಟ್ಟುಗಳನ್ನು ಮೊಪೆಡ್ಡಿನಲ್ಲಿ ಹೊಸೂರಿಗೆ ತಂದು ಹಾಕಿ ನೇರ ಕ್ಲಾಸಿಗೆ ಬರುತ್ತಿದ್ದ. ಬೆರಳುಗಳ ತುಂಬ ಮುಳ್ಳಿನ ಗೀರು. ಎರಡು ಬೆರಳಿಗೆ ಸದಾ ಪ್ಲಾಸ್ಟರು. ಅಷ್ಟು ದಪ್ಪ ಬೆರಳುಗಳಿಂದ ಅವನು ಒಂದು ಕೀಲಿ ಒತ್ತಿದರೆ ಎರಡು ಏಳುತ್ತಿದ್ದವು. ತಮಿಳು ಟೈಪಿಂಗಿನಲ್ಲಿ ಒಂದು ಸಲ ಫೇಲಾಗಿದ್ದ. ಆದರೂ ದಿನವೂ ಬಂದು, ಯಂತ್ರಕ್ಕೆ ಕೈ ಮುಗಿದು, ಶುರು ಮಾಡುತ್ತಿದ್ದ.

ಅವಳು ಕನ್ನಡದವಳೆಂದು ತಿಳಿದ ದಿನ ಅವನು ಖುಷಿಯಿಂದ ತಾನೂ ಕನ್ನಡದವನೇ ಎಂದ. ಕರ್ನಾಟಕದಲ್ಲಿ ಎಲ್ಲಿ ಎಂದು ಅವಳು ಕೇಳಿದಳು.

"ಕರ್ನಾಟಕ ಯಾಕ್ರೀ? ನಮ್ ತಾತನ ತಾತನೂ ಇಲ್ಲೇ ರಾಗಿ ಬಿತ್ತಿದ್ದು. ಮನೇಲಿ ಕನ್ನಡ, ಇಸ್ಕೂಲಲ್ಲಿ ತಮಿಳು, ಸಂತೇಲಿ ತೆಲುಗು. ಯಾವ್ದೂ ನೆಟ್ಟಗೆ ಬರಲ್ಲ ಅಷ್ಟೇ."

ಮೇಘಶ್ರೀ ನಕ್ಕಳು. ನಕ್ಕ ಮೇಲೆ ಅವಳಿಗೇ ಅದು ವಿಚಿತ್ರವೆನಿಸಿತು. ನಗದೆ ಮೂರು ತಿಂಗಳಾಗಿತ್ತು.

ಹೀಗೆ ಮಾತು ಬೆಳೆಯಿತು. ಬೆಳೆಯಿತೆಂದರೂ ಕ್ಲಾಸು ಮುಗಿದ ಮೇಲೆ ಬಸ್ ಸ್ಟ್ಯಾಂಡಿನವರೆಗೆ ನಡೆಯುವ ಐದು ನಿಮಿಷ ಮಾತ್ರ. ಅವನು ಮೊಪೆಡ್ ತಳ್ಳಿಕೊಂಡು ಬರುತ್ತಿದ್ದ. ಹಸಿರುಮನೆಯ ಪ್ಲಾಸ್ಟಿಕ್ ಗಾಳಿಗೆ ಹರಿದದ್ದು, ಅಪ್ಪ ತಿಮ್ಮರಾಯಪ್ಪನಿಗೆ ಮಗ ಸರ್ಕಾರಿ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರಬೇಕೆಂಬ ಆಸೆ ಇರುವುದು, ತನಗೆ ಮಾತ್ರ ತೋಟ ಬಿಟ್ಟಿರಲು ಮನಸ್ಸಿಲ್ಲದಿರುವುದು, ಇಂಥದ್ದನ್ನೆಲ್ಲ ಹೇಳುತ್ತಿದ್ದ. ಅವಳಿಗೆ ತಮಿಳು ಮಾತು ಬರುತ್ತಿತ್ತು, ಓದಲು ತಡವರಿಸುತ್ತಿದ್ದಳು. ಬಸ್ಸಿನ ಬೋರ್ಡು, ಗೋಡೆಯ ಜಾಹೀರಾತು ತೋರಿಸಿ ಓದಿಸುತ್ತಿದ್ದ. ತಪ್ಪಿದರೆ ನಗುತ್ತಿರಲಿಲ್ಲ. ಏಪ್ರಿಲ್ ಹೊತ್ತಿಗೆ ಅವಳು ನಿಮಿಷಕ್ಕೆ ಇಪ್ಪತ್ತೈದು ಪದ ಹೊಡೆಯುತ್ತಿದ್ದಳು. ಮನೆಯಲ್ಲಿ ಮತ್ತೆ ಎರಡು ಹೊತ್ತು ಸರಿಯಾಗಿ ಊಟ ಮಾಡತೊಡಗಿದ್ದಳು. ಆದರೆ ಕೆಲವು ದಿನ ಭೈರೇಶನ ಸೈಕಲ್ ಬೆಲ್ಲಿನ ಸದ್ದು ಕೇಳಿದರೆ ಸಾಕು, ಎಲ್ಲ ಹಿಂದಿನಂತೆಯೇ ಆಗಿಬಿಡುತ್ತಿತ್ತು.

ಜೂನ್ ತಿಂಗಳ ಒಂದು ಬೆಳಿಗ್ಗೆ, ಬಸ್ ಸ್ಟ್ಯಾಂಡಿನ ಹತ್ತಿರ ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿ, ಮುನಿಕೃಷ್ಣ ತಾನು ಅವಳನ್ನು ಇಷ್ಟಪಡುತ್ತಿರುವುದಾಗಿ ಹೇಳಿದ. ಸುತ್ತು ಬಳಸಲಿಲ್ಲ. ಮದುವೆಯ ಮಾತು, ಇಷ್ಟವಿದ್ದರೆ ಹೇಳಿ, ಮನೆಯಲ್ಲಿ ಅಪ್ಪನಿಗೆ ತಿಳಿಸಿ ಬರುತ್ತೇನೆ ಎಂದ. ಮೇಘಶ್ರೀ ಆಗುವುದಿಲ್ಲ ಎಂದಳು. ಒಬ್ಬರನ್ನು ನಂಬಿ ಆಗಿದೆ, ಮತ್ತೆ ಆ ಶಕ್ತಿ ತನಗಿಲ್ಲ ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು.

ಅವನ ಮುಖ ಸಣ್ಣಗಾಯಿತು. ಮೊಪೆಡ್ಡಿನ ಸ್ಟ್ಯಾಂಡ್ ತೆಗೆದ.

"ಸರಿ ಬಿಡಿ. ಕೇಳ್ಬೇಕು ಅನ್ನಿಸ್ತು, ಕೇಳ್ಬುಟ್ಟೆ. ಇದಕ್ಕೋಸ್ಕರ ಕ್ಲಾಸ್ ಮಾತ್ರ ಬಿಡಬ್ಯಾಡ್ರಿ. ಪರೀಕ್ಷೆ ಹತ್ರ ಬತ್ತಾ ಇದೆ."

ಮಾರನೆಯ ದಿನ ಅವನು ಬಂದು ಎಂದಿನಂತೆ ಪಕ್ಕದಲ್ಲೇ ಕೂತ. ಮುಖ ತಿರುಗಿಸಲೂ ಇಲ್ಲ, ಹಲ್ಲು ಗಿಂಜಲೂ ಇಲ್ಲ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬರುವುದನ್ನು ಮಾತ್ರ ನಿಲ್ಲಿಸಿದ. ಆ ಐದು ನಿಮಿಷ ಒಬ್ಬಳೇ ನಡೆಯುವಾಗ ಅವಳಿಗೆ ಏನೋ ಕಳೆದುಕೊಂಡಂತಾಗುತ್ತಿತ್ತು.

ಜುಲೈನಲ್ಲಿ ಒಂದು ಮಧ್ಯಾಹ್ನ ಮೇಘಶ್ರೀ ಮನೆಯಲ್ಲಿ ಒಬ್ಬಳೇ ಅಕ್ಕಿ ಆರಿಸುತ್ತಿದ್ದಳು. ಚೆನ್ನಮ್ಮ ಬಾಗಿಲಲ್ಲಿ ನಿಂತಳು. ಒಳಗೆ ಬರಲೇ ಎಂದು ಕೇಳಿದಳು. ಆ ಮನೆಗೆ ಬರಲು ಅವಳು ಎಂದೂ ಕೇಳಿದವಳಲ್ಲ. ಬಂದು ನೆಲದ ಮೇಲೆ ಕೂತು, ಸೆರಗಿನ ತುದಿಯನ್ನು ಮಡಿಸುತ್ತ ಬಿಚ್ಚುತ್ತ ಮಾತು ಶುರು ಮಾಡಿದಳು. ತುಮಕೂರಿನ ಸಂಬಂಧ ಮುರಿದಿತ್ತು. ನಂದಿತಾ ತಾನಾಗಿಯೇ, ಈ ಮದುವೆ ಬೇಡ, ನಾನು ಕೆಲಸಕ್ಕೆ ಸೇರಬೇಕು ಎಂದು ಹೇಳಿ ಉಂಗುರ ವಾಪಸ್ ಕಳಿಸಿದ್ದಳು. ಅದಾಗಿ ನಾಲ್ಕು ದಿನಕ್ಕೆ ಭೈರೇಶ ತಾಯಿಯ ಮುಂದೆ ಕೂತು, ತನಗೆ ಮೊದಲಿನಿಂದಲೂ ಮೇಘಶ್ರೀಯ ಮೇಲೆ ಮನಸ್ಸಿತ್ತು, ನೀನೇ ಹೋಗಿ ಕೇಳು ಎಂದಿದ್ದ.

"ನಂಗೆ ತಿಳೀಲೇ ಇಲ್ಲ ಕಣವ್ವಾ," ಎಂದಳು ಚೆನ್ನಮ್ಮ. "ನೀನ್ಯಾಕೆ ನನ್ನ ಮಾತಾಡ್ಸಲ್ಲ ಅಂತ ಎಷ್ಟ್ ದಿನ ಯೋಚ್ನೆ ಮಾಡಿದ್ದೀನಿ. ಒಂದ್ ಮಾತು ನನ್ ಕಿವಿಗೆ ಬಿದ್ದಿದ್ರೆ ತುಮಕೂರಿಗ್ಯಾಕೆ ಹೋಗ್ತಿದ್ದೆ?"

ಮೇಘಶ್ರೀಯ ಕೈಯಲ್ಲಿದ್ದ ಮೊರ ನಿಂತಿತು. ಅವನು ನಿಮ್ಮನ್ನು ಕೇಳಿದ್ದನಂತಲ್ಲ, ನೀವು ಬಾವಿಗೆ ಬೀಳುತ್ತೇನೆ ಎಂದಿರಂತಲ್ಲ ಎಂದು ಮೆಲ್ಲಗೆ ಕೇಳಿದಳು.

ಚೆನ್ನಮ್ಮ ಅವಳನ್ನೇ ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ನನ್ನ ಯಾವತ್ತೂ ಕೇಳೇ ಇಲ್ಲ ಮಗಾ ಅವ್ನು. ಅವ್ನ ಮಾವ ಜಮೀನು ಕೊಡ್ತೀನಿ ಅಂದ, ಇವ್ನು ಹೂಂ ಅಂದ. ನಾನು, ಇಬ್ರೂ ಖುಷಿಯಾಗಿದ್ರೆ ಸರಿ ಅಂದ್ಕಂಡೆ."

ಮೇಘಶ್ರೀ ಮೊರ ಪಕ್ಕಕ್ಕಿಟ್ಟಳು. ಒಂಬತ್ತು ತಿಂಗಳು ಅವಳು ಈ ಹೆಂಗಸನ್ನು ದ್ವೇಷಿಸಿದ್ದಳು. ಬಾಗಿಲಿಗೆ ಬಂದಾಗ ಮುಖ ತಿರುಗಿಸಿದ್ದಳು, ಕೊಟ್ಟ ಸಾರನ್ನು ಚರಂಡಿಗೆ ಸುರಿದಿದ್ದಳು. ಇದ್ದಕ್ಕಿದ್ದಂತೆ ಆ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು. ಅವಳು ಚೆನ್ನಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಇಬ್ಬರೂ ಅತ್ತರು. ವರಲಕ್ಷ್ಮಿ ರೇಷನ್ ಅಂಗಡಿಯಿಂದ ಬಂದು ಇಬ್ಬರನ್ನೂ ನೋಡಿ ಕಾಫಿಗೆ ನೀರಿಟ್ಟಳು.

ಭೈರೇಶನನ್ನು ಅವಳು ಮಾರನೆಯ ಸಂಜೆ ಸಾಲುಮನೆಗಳ ಹಿಂದಿನ ಬೇವಿನ ಮರದ ಹತ್ತಿರ ಕಂಡಳು. ಅವಳೇ ಹೇಳಿ ಕಳಿಸಿದ್ದಳು. ಅವನು ಬಡವಾಗಿದ್ದ. ತಪ್ಪಾಯಿತು ಎಂದ. ಜಮೀನಿನ ಮಾತು ಬಂದಾಗ ಎಲ್ಲರೂ ಅದೃಷ್ಟ ಅದೃಷ್ಟ ಎಂದರು, ಬೇಡವೆನ್ನಲು ಬಾಯಿ ಬರಲಿಲ್ಲ, ನಿನಗೆ ಏನು ಹೇಳಬೇಕೆಂದು ತೋಚದೆ ಅವ್ವನ ಹೆಸರು ಹೇಳಿಬಿಟ್ಟೆ ಎಂದ. ಒಂದು ದಿನವೂ ನಿನ್ನನ್ನು ಮರೆತಿಲ್ಲ ಎಂದ. ಅದು ಸುಳ್ಳಲ್ಲ ಎಂದು ಮೇಘಶ್ರೀಗೆ ಅವನ ದನಿಯಲ್ಲೇ ಗೊತ್ತಾಯಿತು. ಅವಳ ಒಳಗೂ ಯಾವುದೋ ಒಂದು ಭಾಗ, ಹೂಂ ಎಂದುಬಿಡು, ಎಲ್ಲ ಮುಗಿಯುತ್ತದೆ ಎನ್ನುತ್ತಿತ್ತು.

"ನಿನ್ಗೆ ಜಮೀನು ಬೇಕು ಅಂತ ಹೇಳಿದ್ರೆ ನಾನು ಅಳ್ತಿದ್ದೆ, ಸಿಟ್ಟು ಮಾಡ್ಕೋತಿದ್ದೆ, ಆಮೇಲೆ ಸರಿಹೋಗ್ತಿದ್ದೆ," ಎಂದಳು. "ಆದ್ರೆ ನೀನು ನಿಮ್ಮವ್ವನ್ನ ನನ್ನಿಂದ ದೂರ ಮಾಡ್ದೆ. ಒಂದೇ ಗೋಡೆ ಆಚೆ ಕೂತು ಒಂಬತ್ತು ತಿಂಗಳು ನೋಡ್ತಾ ಸುಮ್ನಿದ್ದೆ. ನಾಳೆ ಇನ್ನೊಂದು ಕಷ್ಟ ಬಂದ್ರೆ ಯಾರ ಹೆಸರು ಹೇಳ್ತೀಯಾ ಅಂತ ಕಾಯ್ಕೊಂಡು ಕೂರಕ್ಕೆ ನನ್ ಕೈಲಿ ಆಗಲ್ಲ."

ಅವನು ತಲೆ ತಗ್ಗಿಸಿದ. ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದ. ಇದ್ದರೂ ಇಲ್ಲದಿದ್ದರೂ ತನ್ನ ಉತ್ತರ ಇದೇ ಎಂದಳು. ಮನೆಗೆ ಬಂದು ತುಂಬ ಹೊತ್ತು ಅತ್ತಳು. ಆದರೆ ಮಾರನೆಯ ಬೆಳಿಗ್ಗೆ ಏಳರ ಬ್ಯಾಚಿಗೆ ಹೋದಳು. ಸಂಜೆ ಚೆನ್ನಮ್ಮನ ಮನೆಗೆ ಹೋಗಿ, ಈ ಮನೆಗೆ ಸೊಸೆಯಾಗಿ ಬರಲು ಆಗುವುದಿಲ್ಲ ಎಂದು ತಾನೇ ಹೇಳಿದಳು. ಚೆನ್ನಮ್ಮ ಬೇಸರ ಮಾಡಿಕೊಂಡಳು, ಆದರೆ ಬಲವಂತ ಮಾಡಲಿಲ್ಲ. ಹೋಗುವಾಗ ಡಬ್ಬಿಯಲ್ಲಿ ಉಪ್ಪಿನಕಾಯಿ ಹಾಕಿ ಕೊಟ್ಟಳು. ಆ ತಿಂಗಳ ಕೊನೆಗೆ ಭೈರೇಶ ಚೆನ್ನೈ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ ಹಿಡಿದು ಹೋದ.

ಟೈಪಿಂಗ್ ಪರೀಕ್ಷೆ ಆಗಸ್ಟಿನಲ್ಲಿ, ಕೃಷ್ಣಗಿರಿಯಲ್ಲಿ. ತಮ್ಮ ಯಂತ್ರವನ್ನು ತಾವೇ ಕೊಂಡೊಯ್ಯಬೇಕಿತ್ತು. ಹಿಂದಿನ ದಿನವೇ ಮಾಸ್ಟರು ಯಂತ್ರಗಳನ್ನು ಗೋಣಿಚೀಲದಲ್ಲಿ ಸುತ್ತಿಸಿ ವ್ಯಾನಿಗೆ ಹಾಕಿಸಿದ್ದರು. ಮುನಿಕೃಷ್ಣ ಅವನ್ನು ಮಹಡಿಯಿಂದ ಹೊತ್ತು ಹೊತ್ತು ಇಳಿಸಿದ್ದ. ಬೆಳಿಗ್ಗೆ ಆರರ ಬಸ್ಸಿನಲ್ಲಿ ಬ್ಯಾಚಿನ ಎಂಟು ಜನ ಹೊರಟರು. ಶೂಲಗಿರಿ ದಾಟುವವರೆಗೂ ಎಲ್ಲರೂ ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು.

ಹತ್ತು ನಿಮಿಷದ ಸ್ಪೀಡ್ ಪೇಪರಿನಲ್ಲಿ ಮೇಘಶ್ರೀಯ ಕೈ ಒಮ್ಮೆಯೂ ತಡೆಯಲಿಲ್ಲ. ಗಂಟೆ ಬಾರಿಸಿದಾಗ, ಪೇಪರಿನಲ್ಲಿದ್ದದ್ದನ್ನು ಮುಗಿಸಿ ತಾನು ಒಂದು ಸಾಲು ಹೆಚ್ಚಿಗೆ ಹೊಡೆದದ್ದು ಅವಳಿಗೆ ಗೊತ್ತಾಯಿತು. ಹೊರಗೆ ಬಂದಳು. ಮುನಿಕೃಷ್ಣನ ಸರದಿ ಮಧ್ಯಾಹ್ನ. ಬೇರೆಯವರೆಲ್ಲ ಊರಿಗೆ ಹೊರಟರು. ಅವಳು ಹೊರಡಲಿಲ್ಲ. ಅವನು ಮುಗಿಸಿಕೊಂಡು ಬಂದಾಗ ಗೇಟಿನ ಹತ್ತಿರ ನಿಂತಿದ್ದಳು. ಅವನಿಗೆ ಆಶ್ಚರ್ಯವಾಯಿತು.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಅವಳು ಎಲ್ಲವನ್ನೂ ಹೇಳಿದಳು. ಬೆಟ್ಟ, ಬಾವಿ, ಚಿರೋಟಿ, ಚೆಲ್ಲಿದ ಸಾರು, ಬೇವಿನ ಮರ. ಏನನ್ನೂ ಬಿಡಲಿಲ್ಲ. ಅವನು ನಡುವೆ ಬಾಯಿ ಹಾಕಲಿಲ್ಲ. ಎರಡು ಬಸ್ಸು ಹೋದವು. ಅವಳು ಮುಗಿಸಿದ ಮೇಲೆ ಅವನು ಭೈರೇಶನ ಬಗ್ಗೆ ಏನಾದರೂ ಕೇಳುತ್ತಾನೆಂದು ಕಾದಳು.

"ಚೆನ್ನಮ್ಮನೋರು ಈಗ ಒಬ್ರೇನಾ ಮನೇಲಿ?" ಎಂದು ಕೇಳಿದ.

ಅವಳು ಅವನನ್ನು ನೋಡಿದಳು. ಹೌದು, ರಾತ್ರಿ ಊಟ ತಮ್ಮ ಮನೆಯಲ್ಲೇ ಎಂದಳು. ಒಳ್ಳೆಯದಾಯಿತು ಎಂದ. ಆಗ ಅವಳು, ತನಗೆ ಇನ್ನೂ ಸ್ವಲ್ಪ ಕಾಲ ಬೇಕು, ಮೊದಲು ಕಾಲೇಜು ಮುಗಿಸಬೇಕು, ಹಳೆಯದೆಲ್ಲ ಪೂರ್ತಿ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ ಎಂದಳು. "ಆದ್ರೆ ಆವತ್ತು ಹೇಳಿದ್ನಲ್ಲ, ಆಗಲ್ಲ ಅಂತ, ಅದನ್ನ ಇವತ್ತು ಹೇಳಲ್ಲ."

ಮುನಿಕೃಷ್ಣ ಟೀ ಲೋಟವನ್ನು ಕೈಯಿಂದ ಕೈಗೆ ಬದಲಾಯಿಸಿದ. ಕಿವಿ ಕೆಂಪಾಗಿತ್ತು. ನಾನಂತೂ ಈ ಸಲವೂ ಫೇಲು, ಫೆಬ್ರವರಿಯವರೆಗೆ ಏಳರ ಬ್ಯಾಚಿನಲ್ಲೇ ಇರುತ್ತೇನೆ, ಅವಸರವೇನಿಲ್ಲ ಎಂದ.

ಅವನು ಹೇಳಿದಂತೆಯೇ ಆಯಿತು. ಅವಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು, ಅವನು ಫೇಲಾದ, ಫೆಬ್ರವರಿಯಲ್ಲಿ ಹೇಗೋ ದಾಟಿದ. ಸರ್ಕಾರಿ ಕೆಲಸ ಮಾತ್ರ ಬರಲಿಲ್ಲ. ಅವನಿಗೆ ಅದರಿಂದ ದುಃಖವೂ ಆಗಲಿಲ್ಲ, ಇನ್ನೊಂದು ಹಸಿರುಮನೆ ಎಬ್ಬಿಸಿದ. ಮೇಘಶ್ರೀ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರನ್ನು ಕಂಡು, ಬಿಟ್ಟ ಪೇಪರುಗಳನ್ನು ಕಟ್ಟಿ, ಮುಂದಿನ ಜೂನಿನಿಂದ ತನಗಿಂತ ಚಿಕ್ಕವರ ಜೊತೆ ಕೂತು ಓದಿದಳು. ಮೊದಮೊದಲು ನಾಚಿಕೆಯಾಯಿತು, ಆಮೇಲೆ ಅವರೇ ಅವಳ ನೋಟ್ಸ್ ಕೇಳಿ ಬರತೊಡಗಿದರು. ಅವಳೂ ಮುನಿಕೃಷ್ಣನೂ ವಾರಕ್ಕೊಮ್ಮೆ ಕಾಣುತ್ತಿದ್ದರು. ಒಮ್ಮೆ ಒಂದು ಸಣ್ಣ ಮಾತಿಗೆ ಜಗಳವಾಡಿ ತಿಂಗಳು ಮಾತು ಬಿಟ್ಟರು. ತಿರುಗಿ ಮಾತಾಡಿದವನು ಅವನೇ, ತಪ್ಪು ಅವಳದಾಗಿತ್ತು. ಅದನ್ನು ಅವಳು ಒಪ್ಪಿಕೊಂಡಳು.

ಹನುಮಯ್ಯನಿಗೆ ವಿಷಯ ತಿಳಿಸಿದಾಗ ಅವನು ಒಪ್ಪಲಿಲ್ಲ. ನಮ್ಮ ಕಡೆಯವರಲ್ಲ, ಅವರ ರೀತಿ ರಿವಾಜು ಬೇರೆ ಎಂದ. ಅವನನ್ನು ಒಪ್ಪಿಸಿದವಳು ಚೆನ್ನಮ್ಮ. ಮೊದಲು ಹೋಗಿ ಮನೆ ನೋಡಿಕೊಂಡು ಬರೋಣ, ನಾನೂ ಬರುತ್ತೇನೆ ಎಂದಳು. 2008ರ ಮಾರ್ಚಿನ ಒಂದು ಭಾನುವಾರ ಅವರೆಲ್ಲ ರಾಯಕೋಟೆ ಬಸ್ಸು ಹತ್ತಿದರು. ತಿಮ್ಮರಾಯಪ್ಪ ರಸ್ತೆಗೇ ಬಂದು ಕರೆದುಕೊಂಡು ಹೋದ. ಮುನಿಕೃಷ್ಣನ ತಾಯಿ ಮುನಿರತ್ನಮ್ಮ ಮುದ್ದೆ, ಅವರೆಕಾಳಿನ ಹುಳಿ ಮಾಡಿದ್ದಳು. ಗಂಡಸರು ಕುಣಿಗಲ್ ರಾಗಿ ಹೆಚ್ಚೋ ಇಲ್ಲಿಯ ರಾಗಿ ಹೆಚ್ಚೋ ಎಂಬ ಚರ್ಚೆಗೆ ಬಿದ್ದರು. ಹನುಮಯ್ಯ ಎರಡನೆಯ ಮುದ್ದೆ ಹಾಕಿಸಿಕೊಂಡ. ಆಗ ಚೆನ್ನಮ್ಮ ತಟ್ಟೆ ಬದಿಗಿಟ್ಟು, ಎಲ್ಲರ ಮುಂದೆ ಮುನಿಕೃಷ್ಣನನ್ನೂ ಮೇಘಶ್ರೀಯನ್ನೂ ಕರೆದು, ಇಬ್ಬರೂ ನಿಮ್ಮ ಬಾಯಿಂದಲೇ ಹೇಳಿ ಎಂದಳು. ಇಬ್ಬರೂ ಹೇಳಿದರು. ಡಿಗ್ರಿ ಮುಗಿದ ಮೇಲೆ ಮದುವೆ ಎಂದು ಮೇಘಶ್ರೀ ಸೇರಿಸಿದಳು. ಹನುಮಯ್ಯ ಮಗಳ ಕಡೆ ನೋಡಿ ತಲೆಯಾಡಿಸಿದ.

ಊಟವಾದ ಮೇಲೆ ಮುನಿಕೃಷ್ಣ ಅವರಿಗೆ ಹೊಸ ಹಸಿರುಮನೆ ತೋರಿಸಿದ. ಒಳಗೆ ಸೆಕೆ, ಮಣ್ಣಿನ ವಾಸನೆ. ಹಿರಿಯರು ಮುಂದೆ ಹೋದರು, ಇವರಿಬ್ಬರು ಗುಲಾಬಿ ಗಿಡಗಳ ಸಾಲಿನ ನಡುವೆ ಹಿಂದುಳಿದರು. ಇನ್ನೂ ಒಂದು ಗಂಟೆ ಇದ್ದು ಹೋಗಬಹುದಲ್ಲ ಎಂದು ಅವನು ಕೇಳಿದ. ನಾಳೆ ಕಾಸ್ಟ್ ಅಕೌಂಟಿಂಗ್ ಟೆಸ್ಟ್ ಇದೆ, ಎರಡು ಪಾಠ ಓದಿಯೇ ಇಲ್ಲ ಎಂದು ಅವಳು ಗಡಿಯಾರ ನೋಡಿಕೊಂಡಳು. ಅವನು ಮೊಪೆಡ್ಡಿನ ಕೀಲಿ ತೆಗೆದುಕೊಂಡು, ಅವರಿಗಾಗಿ ನಾಲ್ಕು ಗಂಟೆಯ ಬಸ್ಸನ್ನು ಕೈ ಅಡ್ಡ ಹಾಕಿ ನಿಲ್ಲಿಸಲೆಂದು ಎಲ್ಲರಿಗಿಂತ ಮುಂಚೆಯೇ ರಸ್ತೆಯ ಕಡೆ ಹೊರಟ.